ಅಲ್ಪವಿರಾಮ

ತ್ಬಿಲಿಸಿಯ ಈ ಕಟ್ಟಡದಲ್ಲಿ ಲಿಫ್ಟಿಗೂ ಹಸಿವು,
ಇಪ್ಪತ್ತು ತೇತ್ರಿ ನುಂಗದೆ ಅಲುಗದು.
ಬಾದ್ರಿ ಮೆಟ್ಟಿಲು ಹತ್ತಿಯೇ ಬಂದಿದ್ದಾನೆ ಏಳನೇ ಮಹಡಿಗೆ,
ಕಂಕುಳಲ್ಲಿ ಹಳೇ ಸ್ವೆಟರ್ ಸುತ್ತಿದ ಗಾಜಿನ ಬಿಲ್ಲೆ,
ಕೂಸನ್ನು ಲಸಿಕೆಗೆ ತಂದವರ ಹಾಗೆ.
"ಎಷ್ಟು ಉಜ್ಜಲಿ, ಹೇಳು" ಅನ್ನುತ್ತಾನೆ.
"ಸ್ಖಿವಿ ತೆರೆಯಲಿ, ಹೇಳುತ್ತೇನೆ" ಅನ್ನುತ್ತೇನೆ.

ಸ್ಖಿವಿ ಎಂದರೆ ನಮ್ಮಲ್ಲಿ ಕಿರಣ.
ಮಸೂರ ವಿನ್ಯಾಸಕ್ಕೆಂದು ಓತಿಯಾ ಬರೆದ ತಂತ್ರಾಂಶ.
ಹದಿನಾರು ವರ್ಷ ಬರೆದರು, ಎಡಗೈಯಲ್ಲಿ,
ಬಲಗೈಯಲ್ಲಿ ಸೂರ್ಯಕಾಂತಿ ಬೀಜ ಸುಲಿಯುತ್ತಾ;
ಕೀಲಿಮಣೆ ಬೋರಲು ಮಾಡಿದರೆ
ಇವತ್ತಿಗೂ ಸಿಪ್ಪೆ ಉದುರುತ್ತದೆ.
ನಿವೃತ್ತಿಯ ದಿನ ಪೆನ್‌ಡ್ರೈವ್ ಕೈಗಿಟ್ಟು
"ಎಲ್ಲದರಲ್ಲೂ ಓಡುತ್ತದೆ" ಎಂದು ಹೋದರು.

ಎಲ್ಲದರಲ್ಲೂ.

ನೂತ್ಸಾಳ ಮ್ಯಾಕ್ ಮೊದಲು. ಬೆಳ್ಳಿ ಮೈ, ತಣ್ಣನೆ ಮಾತು:
ಇದನ್ನು ಮಾಡಿದವರು ಯಾರೋ ಗೊತ್ತಿಲ್ಲ,
ಕಸದ ಬುಟ್ಟಿಗೆ ಹಾಕಲೇ?
ಫೋನಿನಲ್ಲಿ ಓತಿಯಾ ಸಿಡಿದರು:
"ನಾನು ಯಾರೆಂದು ತಿಳಿದುಕೊಳ್ಳಲು
ವರ್ಷಕ್ಕೆ ತೊಂಬತ್ತೊಂಬತ್ತು ಡಾಲರ್ ಕೇಳುತ್ತಾರೆ.
ನಮ್ಮ ಓಣಿಯ ನಾಯಿಗೆ ಅದು ಪುಕ್ಕಟೆ ಗೊತ್ತು!"
ಬಲಗುಂಡಿ ಒತ್ತಿ, ಮೆಲ್ಲಗೆ, ಹಿತ್ತಿಲ ಬಾಗಿಲಿಂದ ಹೊಕ್ಕೆವು.
ತೆರೆಯಿತು. ನಮ್ಮ ಅಕ್ಷರವೆಲ್ಲ ಖಾಲಿ ಚೌಕ, ಚೌಕ, ಚೌಕ.
ಯಾವ ಚೌಕದಲ್ಲಿ ತ್ರಿಜ್ಯ, ಯಾವುದರಲ್ಲಿ ದಪ್ಪ?
ನೂತ್ಸಾಳಿಗೆ ತರಗತಿಯ ಹೊತ್ತಾಯಿತು.

ವಾಝಾನ ಲಿನಕ್ಸ್. ಕಪ್ಪು ಪರದೆ, ಒಂದು ಮಿಣುಕು.
ಅನುಮತಿ ಇಲ್ಲ, ಎಂದಿತು. ಕೊಟ್ಟೆವು.
ಕಡತ ಇಲ್ಲ, ಎಂದಿತು. ಕಣ್ಣೆದುರೇ ಇದೆ!
ಅರ್ಧ ಗಂಟೆಯ ಮೇಲೆ ವಾಝಾ ಹಣೆ ಚಚ್ಚಿಕೊಂಡ:
ಚಿಕ್ಕ ಜಿ ಇರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ಜಿ.
ನಮ್ಮ ಬರಹದಲ್ಲಿ ದೊಡ್ಡಕ್ಷರ ಇಲ್ಲ, ಚಿಕ್ಕಕ್ಷರವೂ ಇಲ್ಲ,
ದೇವರೂ ಬದನೆಕಾಯಿಯೂ ಒಂದೇ ಎತ್ತರ.
ತಿದ್ದಿದೆವು. ಕಿರಣಗಳು ಬಂದವು, ಗಾಜು ಹೊಕ್ಕು ಬಾಗಿದವು,
ಒಂದು ಬಿಂದುವಿನಲ್ಲಿ ಕೂಡಿದವು.
ಬಾದ್ರಿ ಏನೂ ಅರ್ಥವಾಗದೆಯೂ ತಲೆದೂಗಿದ.

ಆದರೆ ಪ್ರಿಂಟರ್ ಇರುವುದು ಗೋಚಾನ ಬಳಿ, ಲೆಕ್ಕಪತ್ರ ವಿಭಾಗದಲ್ಲಿ,
ವಿಂಡೋಸಿಗೆ ಮಾತ್ರ ಬಗ್ಗುವ ಪ್ರಾಣಿ.
ನಿಮ್ಮನ್ನು ಕಾಪಾಡಿದ್ದೇನೆ, ಎಂದಿತು ನೀಲಿ ಫಲಕ.
"ಕೇಳಿಕೊಂಡವರು ಯಾರು?" ಗೋಚಾ ಗೊಣಗಿ
ಆದರೂ ಓಡಿಸು ಒತ್ತಿದ.
ಒಂದೇ ಸಲಕ್ಕೆ ತೆರೆಯಿತು, ಚೌಕವಿಲ್ಲ, ತಕರಾರಿಲ್ಲ.
ಕಿರಣಗಳು ಗಾಜಿನವರೆಗೆ ಬಂದವು.
ಬಾಗಲಿಲ್ಲ.
ನೆಟ್ಟಗೆ ಹೋದವು,
ಮಾತು ಬಿಟ್ಟ ನೆಂಟರು ಬೀದಿಯಲ್ಲಿ ಹೋಗುವ ಹಾಗೆ.

ಓತಿಯಾ ತುಂಬ ಹೊತ್ತು ಸುಮ್ಮನಿದ್ದರು.
ಹಿಂದೆ ಯಾರದೋ ನೀರಿನ ಪಂಪಿನ ಸದ್ದು.
"ಆ ಯಂತ್ರದಲ್ಲಿ ದಶಮಾಂಶಕ್ಕೆ
ಚುಕ್ಕೆಯೋ, ಅಲ್ಪವಿರಾಮವೋ?"
ಅಲ್ಪವಿರಾಮ. ಗೋಚಾನದು ಸಂಬಳದ ಲೆಕ್ಕ ತಾನೇ.

ಕಡತದಲ್ಲಿ ನಮ್ಮ ಗಾಜಿನ ವಕ್ರೀಭವನಾಂಕ
ಒಂದು ಚುಕ್ಕೆ ಐದು ಒಂದು ಆರು ಎಂಟು.
ಚುಕ್ಕೆ ಕಂಡಲ್ಲೇ ಅದು ಓದು ನಿಲ್ಲಿಸಿತ್ತು:
ಒಂದು. ಒಂದು ಎಂದರೆ ಬರೀ ಗಾಳಿ.
ಬಾಲವಿಲ್ಲದ ಚುಕ್ಕೆಯೊಂದು
ಗಾಜನ್ನು ಗಾಳಿ ಮಾಡಿತ್ತು.
ಬಾದ್ರಿ ಸ್ವೆಟರಿನೊಳಗೆ ಕೈ ತೂರಿಸಿ
ಮುಟ್ಟಿ ನೋಡಿಕೊಂಡ, ಇದೆಯಲ್ಲ ಎಂದು.

ಪ್ರಿಂಟರಿನಲ್ಲಿ ಶಾಯಿ ಇರಲಿಲ್ಲ, ಅದು ಬೇರೆ ಕತೆ.
ವಾಝಾನ ಪರದೆ ನೋಡಿ ಕೈಯಲ್ಲೇ ಬರೆದುಕೊಟ್ಟೆ
ತ್ರಿಜ್ಯ, ದಪ್ಪ, ಅಂಚು, ಗಟ್ಟಿ ಚುಕ್ಕೆಗಳನ್ನಿಟ್ಟು.
ಬಾದ್ರಿ ಕಿವಿಯ ಸಂದಿಯ ಪೆನ್ಸಿಲ್ ತೆಗೆದು
ಒಂದೊಂದು ಚುಕ್ಕೆಗೂ ನಿಧಾನ ಬಾಲ ಬರೆದ.
"ಹೀಗಿದ್ದರೇ ನನಗೆ ಓದಲು ಬರುವುದು."

ಬಾಗಿಲಲ್ಲಿ ನಿಂತು ಕೈ ಚಾಚಿದ:
"ಇಪ್ಪತ್ತು ತೇತ್ರಿ ಇದ್ದರೆ ಕೊಡು.
ಇದನ್ನು ಹೊತ್ತು ಇಳಿಯಲು ಮೊಣಕಾಲು ಒಪ್ಪುತ್ತಿಲ್ಲ."